ಮುಳುಗದ ಮೋಟರ್

ಒಂಬತ್ತನೆಯ ಕಂತು

ನಾಲ್ಕನೆಯ ರಿವೆಟ್ ಓರೆಯಾಗಿತ್ತು.

ಅಬ್ದುಲ್ ಹಕೀಂ ಮೋಟರಿನ ಮುಚ್ಚಳವನ್ನು ಬದಿಗಿಟ್ಟು, ಹಣೆಯ ಮೇಲಿದ್ದ ಕನ್ನಡಕವನ್ನು ಮೂಗಿಗಿಳಿಸಿ ಇನ್ನೊಮ್ಮೆ ನೋಡಿದ. ಹಿತ್ತಾಳೆಯ ಪಟ್ಟಿ. ಅದಕ್ಕೆ ನಾಲ್ಕು ರಿವೆಟ್. ಮೂರು ನೆಟ್ಟಗೆ, ಒಂದು ಓರೆ. ತೂತು ಕೊರೆಯುವಾಗ ಕರೆಂಟು ಹೋಗಿ ಬಂದು, ಡ್ರಿಲ್ಲು ಎಗರಿ ಆದ ಓರೆ ಅದು. ಆವತ್ತು ತಾನು ಕರೆಂಟಿನವರ ಏಳು ತಲೆಮಾರನ್ನು ಬೈದದ್ದೂ ಅವನಿಗೆ ನೆನಪಿತ್ತು.

ಪಟ್ಟಿಯನ್ನು ಬೆರಳಿನಿಂದ ಸವರಿದ. ಈ ಮೋಟರ್ ಸಮುದ್ರದ ತಳದಲ್ಲಿರಬೇಕಿತ್ತು.

ಬೆಂಚಿನ ಆಚೆ ಮ್ಯಾಕ್ಸಿಮ್ ಮಾತಾಡುತ್ತಲೇ ಇದ್ದ. ಶಿರ್ವದ ಮ್ಯಾಕ್ಸಿಮ್, ಕುವೈತಿನಲ್ಲಿ ಇಪ್ಪತ್ತೆರಡು ವರ್ಷ ಕ್ರೇನು ಓಡಿಸಿ ಬಂದವನು. ಈಗ ಪಾಂಗಾಳ ಹೊಳೆಯಲ್ಲಿ ಗಾಳ ಹಾಕಿ ಕೂರುವುದೇ ಅವನ ಕಸುಬು. ಅದಕ್ಕೆಂದು ಪುಟ್ಟ ಫೈಬರ್ ದೋಣಿ ಕೊಂಡಿದ್ದ, ದೋಣಿಗೆಂದು ಈ ಹಳೆಯ ಮೋಟರ್ ಕೊಂಡಿದ್ದ.

“ಚಿಮಿಣಿ ಎಣ್ಣೆ ನನಗೆ ಬೇಡ ಹಕೀಂ ಭಾಯ್. ಆ ವಾಸನೆಗೆ ಸೆಲೀನ್ ನನ್ನನ್ನು ಮನೆ ಒಳಗೆ ಸೇರಿಸುದಿಲ್ಲ. ಪೂರಾ ಪೆಟ್ರೋಲಿಗೆ ಮಾಡಿ. ಕಾರ್ಬೊರೇಟರ್ ಹೊಸತು ಹಾಕಿ. ಮತ್ತೆ ಒಂದು ಲೈಟ್ ಉರಿಯುವಷ್ಟು ಕರೆಂಟು ಬರುವ ಹಾಗೆ ಕಾಯಿಲ್ ಎಂತದ್ದಾದ್ರೂ ಕೂಡಿಸ್ಲಿಕ್ಕೆ ಆಗ್ತದಾ?”

“ಎಲ್ಲಿಂದ ತಂದದ್ದು ಇದು?”

“ಕಾರ್ಕಳದಿಂದ. ಗುಜರಿ ರಿಯಾಝ್ ಹತ್ರ ಮೂಲೆಯಲ್ಲಿ ಬಿದ್ದಿತ್ತು.”

“ಕಾರ್ಕಳದಲ್ಲಿ ಸಮುದ್ರ ಉಂಟಾ ಮಾರಾಯ್ರೇ?”

ಹಕೀಮನ ಸ್ವರ ಏರಿದ್ದನ್ನು ಕೇಳಿ ಮ್ಯಾಕ್ಸಿಮ್ ಬಾಯಿ ಮುಚ್ಚಿದ. ಹಕೀಮನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದು ಕಾಪುವಿಗೆಲ್ಲ ಗೊತ್ತು. ಆದರೆ ಇವತ್ತಿನ ಸಿಟ್ಟು ಮೂಗಿನದಲ್ಲ, ಹೊಟ್ಟೆಯೊಳಗಿಂದ ಎದ್ದು ಬರುತ್ತಿತ್ತು.

ಏಳು ತಿಂಗಳ ಹಿಂದೆ ಹಕೀಂ ಈ ಮೋಟರನ್ನು ದುರಸ್ತಿ ಮಾಡಿಕೊಟ್ಟ ಮಾರನೆಯ ಬೆಳಿಗ್ಗೆ, ಅವನ ಮೂವತ್ತು ವರ್ಷದ ಗೆಳೆಯ ಕರುಣಾಕರ ಒಬ್ಬನೇ ನಾಡದೋಣಿಯಲ್ಲಿ ಮೀನಿಗೆ ಹೋಗಿದ್ದ. ದೋಣಿ ಹೆಜಮಾಡಿಯ ಹತ್ತಿರ ಮಗುಚಿ ಬಿದ್ದದ್ದು ಸಿಕ್ಕಿತು. ಕರುಣಾಕರ ಸಿಗಲಿಲ್ಲ, ಮೋಟರೂ ಸಿಗಲಿಲ್ಲ. ಕಣ್ಣಾರೆ ಕಂಡೆ ಎಂದವನು ಒಬ್ಬನೇ, ಹೆಜಮಾಡಿಯ ಸುಂದರ. ಮೋಟರ್ ಕೆಟ್ಟು ನಿಂತಿತು, ಕರುಣಾಕರ ಹಗ್ಗ ಎಳೆದ, ಎಳೆದ, ಅಷ್ಟರಲ್ಲಿ ದೊಡ್ಡ ತೆರೆಯೊಂದು ಬಂದು ದೋಣಿಯನ್ನು ಮಗುಚಿತು, ಮೋಟರ್ ಕಳಚಿಕೊಂಡು ಮುಳುಗಿತು ಎಂದು ಅವನು ಸಾಕ್ಷಿ ಹೇಳಿದ. ಠಾಣೆಯವರು ಬರೆದುಕೊಂಡರು: ಮೋಟರ್ ದುರಸ್ತಿಯಲ್ಲಿ ಲೋಪ.

ಲೋಪವಂತೆ. ಮೂವತ್ತೈದು ವರ್ಷ ಗ್ರೀಸಿನಲ್ಲಿ ಕೈ ಅದ್ದಿದವನ ಹಣೆಗೆ ಎರಡೇ ಅಕ್ಷರ ಅಂಟಿಸಿ ಕಡತ ಮುಚ್ಚಿಬಿಟ್ಟರು.

ಮರುದಿನ ಕರುಣಾಕರನ ಹೆಂಡತಿ ಕುಶಲಾ ಅಂಗಡಿಗೇ ಬಂದು, ಹತ್ತು ಜನ ನೋಡುತ್ತಿದ್ದಂತೆ ಹಕೀಮನ ಕೆನ್ನೆಗೆ ಬಾರಿಸಿದ್ದಳು. ಅವಳದು ಎಡಗೈ. ಬಲಗೆನ್ನೆಯ ಆ ಉರಿ ಇವತ್ತಿಗೂ ಆರಿಲ್ಲ. ಅಂಗಡಿಗೆ ಬರುವ ದೋಣಿಯವರು ಅರ್ಧಕ್ಕರ್ಧ ಕಡಿಮೆಯಾದರು. ಅದೂ ಹೋಗಲಿ. ಅವನನ್ನು ನಿಜವಾಗಿ ಸುಟ್ಟದ್ದು ಬೇರೆಯೇ ಒಂದು ಸಂಶಯ. ಅವಳು ಹೊಡೆದದ್ದು ಸರಿಯೇ ಇರಬಹುದೇ? ಎಣ್ಣೆ ಪೈಪಿನ ಕ್ಲಿಪ್ಪನ್ನು ತಾನು ಬಿಗಿ ಮಾಡಿದ್ದೆನೇ, ಮರೆತಿದ್ದೆನೇ? ಏಳು ತಿಂಗಳಿಂದ ನಮಾಜಿಗೆ ನಿಂತರೂ ಅವನ ಬೆರಳುಗಳು ಆ ಕ್ಲಿಪ್ಪನ್ನೇ ತಡಕುತ್ತಿದ್ದವು.

ಈಗ ಅದೇ ಕ್ಲಿಪ್ ಕಣ್ಣೆದುರಿಗೆ ಬಂದು ಕುಳಿತಿತ್ತು.

ಹಕೀಂ ಸ್ಕ್ರೂಡ್ರೈವರ್ ಇಟ್ಟು ಬಿಗಿ ಮಾಡುವ ಕಡೆಗೆ ತಿರುಗಿಸಿದ. ಒಂದು ಕೂದಲಷ್ಟೂ ಸರಿಯಲಿಲ್ಲ. ಇನ್ನೊಂದು ಕ್ಲಿಪ್ಪಿಗಿಟ್ಟು ನೋಡಿದ. ಅದೂ ಹಾಗೆಯೇ. ಎರಡೂ ಕಬ್ಬಿಣದ ಹಾಗೆ ಬಿಗಿಯಾಗಿದ್ದವು.

ಅವನು ಸ್ಟೂಲಿನ ಮೇಲೆ ಕುಸಿದು ಕುಳಿತ. ಮೊದಲು ಬಂದದ್ದು ಅಳು. ಅದನ್ನು ನುಂಗಿದ ಮೇಲೆ ಬಂದದ್ದು ಕೋಪ. ಅದನ್ನು ನುಂಗಲು ಅವನು ಪ್ರಯತ್ನಿಸಲೂ ಇಲ್ಲ.

“ಎಂತ ಆಯ್ತು ಭಾಯ್? ಮುಖ ಕೆಂಪಾಯ್ತಲ್ಲ,” ಎಂದ ಮ್ಯಾಕ್ಸಿಮ್.

“ಇದರ ಮುಚ್ಚಳ ನೀವು ತೆಗೆದಿದ್ದೀರಾ?”

“ಇಲ್ಲಪ್ಪ. ಕಟ್ಟಿತ್ತಲ್ಲ. ನೀವೇ ಈಗ ಕತ್ತರಿಸಿದ್ದು.”

ಹೌದು. ಮುಚ್ಚಳದ ಕೊಕ್ಕೆ ಮುರಿದಿತ್ತು. ಆ ಕೊಕ್ಕೆ ಹೆಚ್ಚು ದಿನ ಬಾಳುವುದಿಲ್ಲ, ಬೇರೆ ತರಿಸುತ್ತೇನೆ ಎಂದು ಹಕೀಮನೇ ಕರುಣಾಕರನಿಗೆ ಹೇಳಿದ್ದ. ಮುರಿದಾಗ ಯಾರೋ ಬಲೆಯ ಹಸಿರು ದಾರವನ್ನು ಸುತ್ತಿ ಕಟ್ಟಿದ್ದರು. ಹಕೀಂ ಗಂಟು ಬಿಚ್ಚುವ ಗೋಜಿಗೆ ಹೋಗದೆ ಚಾಕು ಹಾಕಿದ್ದ. ಈಗ ಆ ದಾರವನ್ನು ಬೆಂಚಿನಿಂದ ಎತ್ತಿಕೊಂಡು ಬೆಳಕಿಗೆ ಹಿಡಿದ.

ದಾರದ ಹೊರಬದಿ ನೀಲಿ, ಒಳಬದಿ ಹಸಿರು. ಮೊದಲು ಬೂದುಬಣ್ಣವಿದ್ದ ಮೋಟರಿಗೆ ಯಾರೋ ನೀಲಿ ಬಳಿದಿದ್ದರು. ಬಳಿದವರು ದಾರ ತೆಗೆಯುವಷ್ಟೂ ಕಷ್ಟಪಡದೆ ಅದರ ಮೇಲೆಯೇ ಬ್ರಷ್ ಎಳೆದಿದ್ದರು. ಅಂದರೆ ಬಣ್ಣ ಬಿದ್ದ ಮೇಲೆ ಈ ಮುಚ್ಚಳವನ್ನು ಯಾರೂ ತೆರೆದಿಲ್ಲ. ನಂಬರಿನ ತಗಡನ್ನು ಮಾತ್ರ ಚೆನ್ನಾಗಿ ಉಜ್ಜಿ ಹಾಕಿದ್ದರು. ಕಳ್ಳನಿಗೆ ಹೊರಗಿನದ್ದಷ್ಟೇ ಕಂಡಿತ್ತು.

ಗಂಟು ಬಲೆಯವರ ಗಂಟೇ. ಆದರೂ ಅದರಲ್ಲಿ ಏನೋ ಒಂದು ಕಣ್ಣಿಗೆ ಒಗ್ಗಲಿಲ್ಲ. ಏನೆಂದು ಹೊಳೆಯದೆ, ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡ.

“ನನಗೆ ಎರಡು ದಿನ ಬೇಕು ಮ್ಯಾಕ್ಸಿಮ್ ಮಾರಾಯ್ರೇ. ಮೋಟರ್ ಇಲ್ಲೇ ಇರಲಿ. ಇದು ನನ್ನ ಹತ್ರ ಉಂಟು ಅಂತ ಯಾರಿಗೂ ಹೇಳ್ಬೇಡಿ. ಸೆಲೀನಿಗೂ ಬೇಡ.”

“ಕಳ್ಳ ಮಾಲಾ?” ಮ್ಯಾಕ್ಸಿಮನ ಸ್ವರ ಇಳಿಯಿತು.

“ಕಳ್ಳ ಮಾಲಾದ್ರೆ ನಾನು ಇಷ್ಟು ತಲೆಬಿಸಿ ಮಾಡ್ತಿರಲಿಲ್ಲ.”

ಮ್ಯಾಕ್ಸಿಮ್ ಹೋದ ಮೇಲೆ ಹಕೀಂ ಕಾರ್ಕಳದ ರಿಯಾಝನಿಗೆ ಫೋನು ಹಚ್ಚಿದ. ರಿಯಾಝನಿಗೆ ಮುಚ್ಚಿಡುವಂಥದ್ದೇನೂ ಇರಲಿಲ್ಲ. “ಅದಾ? ಹೆಜಮಾಡಿಯ ಸುಂದರ ಅಂತ ಒಬ್ಬರು ಪಿಕಪ್ಪಿನಲ್ಲಿ ತಂದು ಹಾಕಿದ್ದು. ದೋಣಿ ಮಾರಿದೆ, ಮೋಟರ್ ಒಂದು ಉಳೀತು ಅಂದ್ರು. ಕರುಣಾಕರಣ್ಣ ಹೋದ್ರು ಅಂತ ಪೇಪರಿನಲ್ಲಿ ಬಂತಲ್ಲ, ಅದಾಗಿ ಹತ್ತು ದಿನ ಕಳ್ದಿರಬಹುದು. ಯಾಕೆ, ಕೆಟ್ಟಿದೆಯಾ?”

“ಇಲ್ಲ. ಕೆಟ್ಟಿಲ್ಲ,” ಎಂದ ಹಕೀಂ. “ಅದೇ ತೊಂದರೆ.”

ಕರಾವಳಿಯಲ್ಲಿ ಹುಟ್ಟಿದವನಿಗೆ ಒಳ್ಳೆಯ ಮೋಟರನ್ನು ಸಮುದ್ರಕ್ಕೆ ಎಸೆಯಲು ಕೈ ಬರುವುದಿಲ್ಲ. ಕೊಲೆಯನ್ನಾದರೂ ಮಾಡಿಯಾನು, ಮೋಟರನ್ನು ಮುಳುಗಿಸಲಾರ. ಸುಂದರ ಸಿಕ್ಕಿಬಿದ್ದದ್ದು ಅಲ್ಲಿ. ಸಮುದ್ರವೇ ಇಲ್ಲದ ಊರಿಗೆ ಸಾಗಿಸಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ ಎಂದುಕೊಂಡಿರಬೇಕು, ಮೂರ್ಖ.

ಹಕೀಂ ಅಂಗಡಿಯ ಬಾಗಿಲನ್ನು ಅರ್ಧ ಎಳೆದುಕೊಂಡು ಮೋಟರನ್ನು ಬಿಚ್ಚತೊಡಗಿದ. ಎರಡು ಗಂಟೆ ತಲೆ ಎತ್ತಲಿಲ್ಲ.

ಒಳಗಿನ ಬೇರಿಂಗುಗಳು ಹೊಳೆಯುತ್ತಿದ್ದವು. ಉಪ್ಪುನೀರು ಹೊಕ್ಕ ಮೋಟರಿನಲ್ಲಿ ಎರಡೇ ದಿನಕ್ಕೆ ತುಕ್ಕು ಕಾಣುತ್ತದೆ, ಇಲ್ಲಿ ಒಂದು ಚುಕ್ಕೆಯೂ ಇಲ್ಲ. ಇಂಜಿನನ್ನು ತಂಪು ಮಾಡುವ ನೀರಿನ ದಾರಿಯಲ್ಲಿ ಉಪ್ಪಿನ ಹುಡಿಯೂ ಇಲ್ಲ. ಕೊನೆಯ ಸಲ ಇದನ್ನು ಸಿಹಿನೀರಿನ ಡ್ರಮ್ಮಿನಲ್ಲಿ ನಿಲ್ಲಿಸಿ, ಓಡಿಸಿ, ತೊಳೆದಿದ್ದರು. ದಡಕ್ಕೆ ಬಂದ ಮೇಲೆ ಒಳ್ಳೆಯ ಮೀನುಗಾರ ಮಾಡುವ ಮೊದಲ ಕೆಲಸ ಅದು. ಮುಳುಗಿದ ಮೋಟರ್ ತೊಳೆಸಿಕೊಂಡು ಬರುವುದುಂಟೇ?

ಆಮೇಲೆ ಕಾರ್ಬೊರೇಟರ್. ಅದರ ಬಟ್ಟಲನ್ನು ಬಿಚ್ಚುವಾಗ ಹಕೀಂ ಉಸಿರು ಹಿಡಿದಿದ್ದ.

ಈ ಕಡೆಯ ಮೋಟರುಗಳು ಓಡುವುದು ಚಿಮಿಣಿ ಎಣ್ಣೆ, ಅಂದರೆ ಸೀಮೆಎಣ್ಣೆಯಲ್ಲಿ. ಆದರೆ ತಣ್ಣಗಿನ ಮೋಟರ್ ಆ ಎಣ್ಣೆಗೆ ಏಳುವುದಿಲ್ಲ. ಪೆಟ್ರೋಲಿನಲ್ಲಿ ಚಾಲೂ ಮಾಡಿ, ಬಿಸಿಯಾದ ಮೇಲೆ ಕಾಕ್ ಎಂಬ ಪುಟ್ಟ ನಲ್ಲಿಯನ್ನು ತಿರುಗಿಸಿ ಎಣ್ಣೆಗೆ ಹಾಕಬೇಕು. ದಡಕ್ಕೆ ಬಂದಾಗ ಪುನಃ ಪೆಟ್ರೋಲಿಗೆ ತಿರುಗಿಸಿ, ಎರಡು ನಿಮಿಷ ಓಡಿಸಿ, ಆಮೇಲೆ ನಿಲ್ಲಿಸಬೇಕು. ಇಲ್ಲದಿದ್ದರೆ ಮಾರನೆಯ ಬೆಳಿಗ್ಗೆ ಹಗ್ಗ ಎಳೆದೂ ಎಳೆದೂ ತೋಳು ಬೀಳುತ್ತದೆ. ನಡುಸಮುದ್ರದಲ್ಲಿ ತಟ್ಟನೆ ಕೆಟ್ಟು ನಿಂತ ಮೋಟರಿನ ಬಟ್ಟಲಲ್ಲಿ ಇರಬೇಕಾದದ್ದು ಚಿಮಿಣಿ ಎಣ್ಣೆಯ ಜಿಡ್ಡು.

ಬಟ್ಟಲಿನ ತಳದಲ್ಲಿ ಇದ್ದದ್ದು ಪೆಟ್ರೋಲ್ ಆರಿ ಉಳಿಯುವ ಹಳದಿ ಅಂಟು. ಮೂಸಿ ನೋಡಿದ. ಬೆರಳಿಗೆ ಹಚ್ಚಿ ಉಜ್ಜಿದ. ಪೆಟ್ರೋಲೇ, ಸಂಶಯ ಬೇಡ.

ಈ ಮೋಟರ್ ಕೆಟ್ಟು ನಿಲ್ಲಲಿಲ್ಲ. ಯಾರೋ ನಿಧಾನವಾಗಿ, ಕ್ರಮ ತಪ್ಪದೆ, ನಾಳೆ ಪುನಃ ಬೇಕಾಗುತ್ತದೆ ಎಂಬ ಭರವಸೆಯಲ್ಲಿ ಇದನ್ನು ನಿಲ್ಲಿಸಿದ್ದರು.

ಯಾರು ಎಂಬುದಕ್ಕೂ ಉತ್ತರ ಆ ಓರೆ ರಿವೆಟ್ಟಿನಲ್ಲೇ ಇತ್ತು. ಹೊರಗಿನ ಕಾಕಿಗೆ ಬಲೆ ಸಿಕ್ಕಿಹಾಕಿಕೊಳ್ಳುತ್ತದೆ ಎಂದು ಕರುಣಾಕರ ದೂರುತ್ತಿದ್ದ. ಕೊನೆಯ ದುರಸ್ತಿಯ ಸಂಜೆ ಹಕೀಂ ಹೊಸ ಕಾಕನ್ನು ಆ ಹಿತ್ತಾಳೆಯ ಪಟ್ಟಿಗೆ ಜೋಡಿಸಿ ಹಿಂಬದಿಯಲ್ಲಿ, ಮುಚ್ಚಳದ ಅಡಿಗೆ ಕೈ ತೂರಿಸಿದರೆ ಮಾತ್ರ ಸಿಗುವ ಹಾಗೆ ಕೂರಿಸಿದ್ದ. ಹಳೆಯದನ್ನು ಕಿತ್ತರೆ ತೂತಿನಿಂದ ನೀರು ನುಗ್ಗುತ್ತದೆ ಎಂದು, ಅದರ ಪೈಪನ್ನು ತೆಗೆದು, ಕಾಕನ್ನು ಮುಂಭಾಗದಲ್ಲಿ ಸುಮ್ಮನೆ ಬಿಟ್ಟಿದ್ದ. ಹಿಡಿ ಕತ್ತರಿಸಿದ್ದರಿಂದ ಬಲೆಗೂ ಅದು ಸಿಗುವಂತಿರಲಿಲ್ಲ. ನೋಡಿದವರಿಗೆ ಕಾಣುವುದು ಅದೊಂದೇ. ಒಳಗಿನ ಕಾಕ್ ಗೊತ್ತಿದ್ದದ್ದು ಇಬ್ಬರಿಗೆ. ಒಬ್ಬ ಹಕೀಂ. ಇನ್ನೊಬ್ಬ ಕರುಣಾಕರ.

ಮೋಟರೇ ಇಲ್ಲದ ಮೇಲೆ ಹೇಳಿ ಎಂತ ಪ್ರಯೋಜನ ಎಂದು ಹಕೀಂ ಇದನ್ನು ಯಾರಿಗೂ ಹೇಳಿರಲಿಲ್ಲ. ಆ ಮೌನ ಇವತ್ತು ಕೆಲಸಕ್ಕೆ ಬಂತು.

*

ಹೆಜಮಾಡಿಯ ಕೋಡಿಯಲ್ಲಿ, ಸಮುದ್ರದಂಚಿನ ತೆಂಗಿನ ಮರಗಳ ಅಡಿಯಲ್ಲಿ ಸುಂದರನ ಶೆಡ್ಡು. ಮೂರು ಗಂಟೆಯ ಬಿಸಿಲು. ಸುಂದರ ಬನಿಯನ್ನಿನಲ್ಲಿ ಕುಳಿತು ಕವುಚಿ ಹಾಕಿದ ದೋಣಿಗೆ ಬಣ್ಣ ಬಳಿಯುತ್ತಿದ್ದ. ಡಬ್ಬಿಯಲ್ಲಿದ್ದದ್ದು ಅದೇ ನೀಲಿ. ಹಕೀಮನಿಗೆ ಮೈಯೆಲ್ಲ ಉರಿದುಹೋಯಿತು.

“ಬನ್ನಿ ಹಕೀಮಣ್ಣ. ಅಪರೂಪ,” ಎಂದ ಸುಂದರ. ಅವನ ಬಾಯಲ್ಲಿ ಯಾವತ್ತೂ ಬೆಲ್ಲವೇ. “ಬಿಸಿಲಿಗೆ ಬಂದಿರಿ. ಬೊಂಡ ಕೆತ್ತಿ ನೀರು ಕೊಡಲಾ?”

“ಬೊಂಡ ಬೇಡ. ಕಾರ್ಕಳದಲ್ಲಿ ನೀನು ಯಾವಾಗಿಂದ ವ್ಯಾಪಾರ ಶುರು ಮಾಡಿದ್ದು?”

ಬ್ರಷ್ಷು ಒಂದು ಗಳಿಗೆ ನಿಂತು, ಪುನಃ ಚಲಿಸಿತು. “ಎಂತ ಕಾರ್ಕಳ?”

“ಗುಜರಿ ರಿಯಾಝನ ಅಂಗಡಿ. ಪಿಕಪ್ಪು. ನೀಲಿ ಬಣ್ಣ ಹಚ್ಚಿದ ಮೋಟರ್. ಅದು ಈಗ ನನ್ನ ಬೆಂಚಿನ ಮೇಲುಂಟು.”

ಸುಂದರ ಬ್ರಷ್ಷನ್ನು ಡಬ್ಬಿಯ ಮೇಲೆ ಅಡ್ಡ ಇಟ್ಟ. ಕೈಯನ್ನು ಬಟ್ಟೆಗೆ ಒರೆಸಿಕೊಂಡ, ಒಂದೊಂದೇ ಬೆರಳು. ಸುಳ್ಳು ಹೊಸೆಯಲು ಅವನಿಗೆ ಅಷ್ಟು ಹೊತ್ತು ಬೇಕಿತ್ತು.

“ಹಕೀಮಣ್ಣ, ನಿಮ್ಮ ಹತ್ರ ಯಾಕೆ ಸುಳ್ಳು? ಮೂರನೇ ದಿನ ನನ್ನ ಬಲೆಗೆ ಆ ಮೋಟರ್ ಬಂತು. ಹೆದರಿಕೆಯಾಯ್ತು. ಠಾಣೆ, ಕೋರ್ಟು ಅಂತ ಯಾರು ಅಲೆಯುದು? ಮಾರಿಬಿಟ್ಟೆ. ತಪ್ಪಾಯ್ತು ಅಂತಲೇ ಇಟ್ಟುಕೊಳ್ಳಿ.”

“ಮೂರು ದಿನ ಸಮುದ್ರದಡಿಯಲ್ಲಿ ಇತ್ತಾ?”

“ಹೌದು.”

“ಬೇರಿಂಗ್ ಕನ್ನಡಿಯ ಹಾಗೆ ಉಂಟಲ್ಲ ಸುಂದರ. ಒಂದು ಹರಳು ಹೊಯ್ಗೆ ಇಲ್ಲ ಒಳಗೆ. ನಮ್ಮ ಸಮುದ್ರ ಯಾವಾಗಿಂದ ಮೋಟರ್ ತೊಳೆದು ಕೊಡ್ತದೆ?”

ಸುಂದರನ ಕಣ್ಣು ಅತ್ತಿತ್ತ ಓಡಿತು. “ಅಲ್ಲ, ಮೂರನೇ ದಿನ ಅಂದ್ರೆ... ನಿಜ ಹೇಳ್ತೇನೆ. ಅದೇ ದಿನ. ದೋಣಿ ಮಗುಚಿದಾಗ ಮೋಟರ್ ದೋಣಿಗೆ ಅಂಟಿಕೊಂಡೇ ಇತ್ತು. ನಾನೇ ಬಿಚ್ಚಿ ತಂದೆ. ಕೂಡಲೇ ಸಿಹಿನೀರಿನಲ್ಲಿ ಓಡಿಸಿ ತೊಳೆದೆ. ಅದಕ್ಕೇ ತುಕ್ಕು ಹಿಡಿಲಿಲ್ಲ.”

“ಓಡಿತಾ?”

“ಓಡಿತು.”

“ಕೆಟ್ಟು ನಿಂತಿತು, ಹಗ್ಗ ಎಳೆದ ಎಳೆದ ಅಂತ ಸಾಕ್ಷಿ ಹೇಳಿದ್ದು ನೀನೇ ಅಲ್ವಾ?” ಹಕೀಂ ಹತ್ತಿರ ಹೋದ. “ನನ್ನ ಕೈ ಕೆಟ್ಟದ್ದು ಅಂತ ಬರೆಸಿದೆ. ಕೆಟ್ಟ ಮೋಟರ್ ನಿನ್ನ ಹತ್ರ ಬಂದದ್ದೇ ಹೇಗೆ ಸರಿಯಾಯ್ತು? ನೀನು ಯಾವ ದೊಡ್ಡ ಮೆಕ್ಯಾನಿಕ್?”

“ನೀರು ಆರಿದ ಮೇಲೆ ಓಡಿತು. ನನಗೆಂತ ಗೊತ್ತು?”

“ಸರಿ. ಓಡಿತು. ಪೆಟ್ರೋಲಿನಲ್ಲಿ ನಿಲ್ಲಿಸಿದೆಯಾ, ಎಣ್ಣೆಯಲ್ಲಿ ನಿಲ್ಲಿಸಿದೆಯಾ?”

ಈ ಪ್ರಶ್ನೆ ಸುಂದರನಿಗೆ ಸುಲಭವೆನಿಸಿತು. ಅವನ ಭುಜ ಸ್ವಲ್ಪ ಸಡಿಲವಾಯಿತು. “ಎಂತ ಹಕೀಮಣ್ಣ, ಇಪ್ಪತ್ತೈದು ವರ್ಷ ದೋಣಿ ಬಿಟ್ಟವನಿಗೆ ಇದನ್ನು ಕಲಿಸ್ಬೇಕಾ? ಪೆಟ್ರೋಲಿಗೆ ತಿರುಗಿಸಿ, ಎರಡು ನಿಮಿಷ ಬಿಟ್ಟು ನಿಲ್ಲಿಸಿದ್ದು.”

“ಯಾವ ಕಾಕ್ ತಿರುಗಿಸಿದ್ದು?”

“ಯಾವ ಕಾಕ್ ಅಂದ್ರೆ? ಇರುವುದೇ ಒಂದು. ಮುಂದೆ ಉಂಟಲ್ಲ, ಅದು.”

ಹಕೀಂ ನಗಲಿಲ್ಲ. ಏಳು ತಿಂಗಳು ಕಾದದ್ದು ಈ ಒಂದು ಮಾತಿಗೆ ಎಂಬಂತೆ ಅದನ್ನು ಪೂರ್ತಿ ಕೇಳಿಸಿಕೊಂಡ.

“ಮುಂದಿನ ಕಾಕಿಗೆ ಪೈಪೇ ಇಲ್ಲ ಸುಂದರ. ಹಿಡಿಯೂ ಇಲ್ಲ. ಅದನ್ನು ಕತ್ತರಿಸಿದ್ದು ನಾನು. ನಿಜವಾದ ಕಾಕ್ ಎಲ್ಲುಂಟು ಅಂತ ಗೊತ್ತಿದ್ದದ್ದು ನನಗೆ ಮತ್ತು ಕರುಣಾಕರನಿಗೆ. ನಾನು ನಿಲ್ಲಿಸಲಿಲ್ಲ. ಹಾಗಾದ್ರೆ ನಿಲ್ಲಿಸಿದ್ದು ಯಾರು?”

ಸುಂದರ ದಾರಿಯ ಕಡೆಗೊಮ್ಮೆ ನೋಡಿದ. ಅವನ ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು.

“ನಾನೇ ಹೇಳ್ತೇನೆ. ಕರುಣಾಕರ ಆವತ್ತು ಸಮುದ್ರದಲ್ಲಿ ಸಾಯಲಿಲ್ಲ. ಮೀನು ಹಿಡಿದು ದಡಕ್ಕೆ ಬಂದಿದ್ದಾನೆ. ತನ್ನ ಕೈಯಾರೆ ಮೋಟರ್ ತೊಳೆದು, ಪೆಟ್ರೋಲಿಗೆ ಹಾಕಿ, ನಿಲ್ಲಿಸಿದ್ದಾನೆ. ಆಮೇಲೆ ಖಾಲಿ ದೋಣಿಯನ್ನು ತಂದು ಇಲ್ಲಿ ಮಗುಚಿ ಹಾಕಿದ್ದು ನೀನು. ಎಲ್ಲಿದ್ದಾನೆ ಅವನು?”

“ಮೆಲ್ಲ ಮಾತಾಡಿ.”

“ಎಲ್ಲಿದ್ದಾನೆ ಅಂತ ಕೇಳಿದೆ.”

ಹಕೀಮನ ಬಲಗೈಯಲ್ಲಿ ಹದಿನೇಳರ ಸ್ಪ್ಯಾನರ್ ಇತ್ತು. ಅದು ಜೇಬಿನಿಂದ ಯಾವಾಗ ಕೈಗೆ ಬಂತೆಂದು ಅವನಿಗೇ ತಿಳಿಯಲಿಲ್ಲ. ಸುಂದರ ಅದನ್ನು ನೋಡಿದ. ಆಶ್ಚರ್ಯವೆಂದರೆ, ನೋಡಿದ ಮೇಲೆ ಅವನಿಗೆ ಧೈರ್ಯ ಬಂದಂತಾಯಿತು.

“ಹೊಡಿತೀರಾ? ಹೊಡೀರಿ. ಆಮೇಲೆ ಠಾಣೆಗೆ ಹೋಗಿ ಹೇಳಿ, ನನ್ನ ದುರಸ್ತಿಯಲ್ಲಿ ತಪ್ಪಿಲ್ಲ, ಬಟ್ಟಲಲ್ಲಿ ಪೆಟ್ರೋಲ್ ಉಂಟು ಅಂತ. ಮೋಟರನ್ನು ಒಬ್ಬರೇ ಕೂತು ಬಿಚ್ಚಿದ್ದು ನೀವು. ಅಲ್ಲಿ ನೀವು ಎಂತ ಹಾಕಿದ್ರಿ, ಎಂತ ತೆಗೆದ್ರಿ, ಯಾರು ನೋಡಿದ್ದಾರೆ?”

ಮಾತು ನೇರವಾಗಿ ಹೋಗಿ ನಾಟಿತು. ಛೆ, ಎಂಥ ಕೆಲಸ ಮಾಡಿಕೊಂಡೆ. ಸಿಟ್ಟಿನ ಭರದಲ್ಲಿ, ಮ್ಯಾಕ್ಸಿಮನನ್ನೂ ಕಳಿಸಿ, ಸಾಕ್ಷಿಯನ್ನೆಲ್ಲ ತನ್ನ ಕೈಯಿಂದಲೇ ಬಿಚ್ಚಿ ಬೆಂಚಿನ ಮೇಲೆ ಹರಡಿ ಬಂದಿದ್ದ. ಮೂವತ್ತೈದು ವರ್ಷದ ಚಾಳಿ. ಮೋಟರ್ ಎದುರಿಗಿದ್ದರೆ ಬಿಚ್ಚದೆ ಇರಲು ಅವನಿಗೆ ಗೊತ್ತಿರಲಿಲ್ಲ.

ಸುಂದರ ಬ್ರಷ್ಷನ್ನು ಪುನಃ ಕೈಗೆತ್ತಿಕೊಂಡ. “ಮತ್ತೆ ಹಕೀಮಣ್ಣ, ಕರುಣಾಕರಣ್ಣನ ಮಗಳು ಯಶ್ಮಿತಾ ಈಗಲೂ ಏಳೂಮುಕ್ಕಾಲರ ಬಸ್ಸಿಗೇ ಮಣಿಪಾಲಕ್ಕೆ ಹೋಗುದಲ್ವಾ? ಕಾಲೇಜು ಮುಗಿಲಿಕ್ಕೆ ಇನ್ನೊಂದು ವರ್ಷ ಉಂಟಂತೆ. ಒಳ್ಳೆ ಹುಡುಗಿ. ಅವಳ ತಾಯಿಯೂ ತಿಳುವಳಿಕೆ ಇರುವವರು. ನೀವೂ ಸ್ವಲ್ಪ ತಿಳುವಳಿಕೆ ಇಟ್ಟುಕೊಳ್ಳಿ.”

ಹಕೀಂ ಸ್ಪ್ಯಾನರ್ ಎತ್ತಲಿಲ್ಲ. ಕಾಲೆತ್ತಿ ಒದ್ದ. ಬಣ್ಣದ ಡಬ್ಬಿ ಉರುಳಿ, ನೀಲಿಯೆಲ್ಲ ಹೊಯ್ಗೆಗೆ ಚೆಲ್ಲಿತು.

“ಆ ಹುಡುಗಿಯ ಹೆಸರು ಇನ್ನೊಮ್ಮೆ ನಿನ್ನ ಬಾಯಿಂದ ಬಂದ್ರೆ ನಾನು ಠಾಣೆಗೆ ಹೋಗುವುದಿಲ್ಲ, ನೆನಪಿಟ್ಟುಕೋ,” ಎಂದು ಹೇಳಿ ಸ್ಕೂಟರ್ ಏರಿದ.

*

ಹೆದ್ದಾರಿಯುದ್ದಕ್ಕೂ ಅವನ ಹಲ್ಲು ಕಡಿದೇ ಇತ್ತು. ಸುಂದರನನ್ನು ಬೈದ, ಠಾಣೆಯವರನ್ನು ಬೈದ, ಎದುರು ದಿಕ್ಕಿನಿಂದ ಬಂದ ಲಾರಿಯವನನ್ನು ಬೈದ, ಕೊನೆಗೆ ಬಿಚ್ಚಬಾರದ್ದನ್ನು ಬಿಚ್ಚಿದ ತನ್ನನ್ನೇ ಬೈದುಕೊಂಡ. ಕಾಪು ಹತ್ತಿರವಾದಂತೆ ಸಿಟ್ಟಿನ ಅಡಿಯಿಂದ ಒಂದು ಸಣ್ಣ ಸಂತೋಷ ತಲೆ ಎತ್ತಿತು. ಠಾಣೆ ನಂಬದಿದ್ದರೂ ಕುಶಲಾ ನಂಬುತ್ತಾಳೆ. ಅವಳೊಬ್ಬಳು ನಂಬಿದರೆ ಸಾಕು. ನಿಮ್ಮ ಗಂಡನನ್ನು ನನ್ನ ಕೈ ಕೊಲ್ಲಲಿಲ್ಲ ಎಂದು ಅವಳ ಎದುರು ನಿಂತು ಹೇಳಬೇಕು. ಏಳು ತಿಂಗಳಿಂದ ಅವನು ಕಾದದ್ದು ಅಷ್ಟಕ್ಕೇ.

ಕುಶಲಾ ಜಗಲಿಯಲ್ಲಿ ಕುಳಿತು ಬಲೆ ಸರಿಮಾಡುತ್ತಿದ್ದಳು. ಕರುಣಾಕರ ಹೋದ ಮೇಲೆ ಊರಿನವರ ಹರಿದ ಬಲೆಗಳೇ ಅವಳ ಅನ್ನ. ಹಿತ್ತಲ ಬಾವಿಯ ಬಳಿ ಹಳೆಯ ಕಪ್ಪು ಡ್ರಮ್ಮು ಕವುಚಿ ಬಿದ್ದಿತ್ತು. ಕರುಣಾಕರ ದಿನಾ ಮೋಟರನ್ನು ಹೆಗಲ ಮೇಲೆ ಹೊತ್ತು ತಂದು, ಅದರಲ್ಲೇ ನಿಲ್ಲಿಸಿ ತೊಳೆಯುತ್ತಿದ್ದ. ಹಕೀಮನ ಕಣ್ಣು ಡ್ರಮ್ಮಿನ ಮೇಲೆ ಒಂದು ಗಳಿಗೆ ನಿಂತಿತು. ಯಾವುದೋ ಯೋಚನೆ ಬಂದು ಬಾಗಿಲು ತಟ್ಟಿತು. ಅವನು ಅದಕ್ಕೆ ಬಾಗಿಲು ತೆರೆಯಲಿಲ್ಲ.

“ಈ ಅಂಗಳಕ್ಕೆ ಬರಬೇಡಿ ಅಂತ ಹೇಳಿದ್ದೆ,” ಎಂದಳು ಕುಶಲಾ, ತಲೆ ಎತ್ತದೆ.

“ಒಂದು ಮಾತು ಹೇಳಿ ಹೋಗ್ತೇನೆ ಕುಶಲಕ್ಕ. ಮೋಟರ್ ಸಿಕ್ಕಿತು.”

ಅವಳ ಕೈ ನಿಲ್ಲಲಿಲ್ಲ.

“ಮುಳುಗಿರಲಿಲ್ಲ. ಕೆಟ್ಟಿರಲೂ ಇಲ್ಲ. ನಾನು ಹಾಕಿದ ಕ್ಲಿಪ್ ಹಾಕಿದ ಹಾಗೇ ಬಿಗಿ ಉಂಟು. ಸುಂದರ ಹೇಳಿದ್ದೆಲ್ಲ ಸುಳ್ಳು. ಕರುಣಾಕರ ಆವತ್ತು ಜೀವಸಹಿತ ದಡಕ್ಕೆ ಬಂದಿದ್ದಾನೆ. ಮೋಟರನ್ನು ನಿಲ್ಲಿಸಿದ್ದು ಅವನೇ.” ಹಕೀಂ ಒಂದು ಹೆಜ್ಜೆ ಮುಂದೆ ಬಂದ. “ಕೇಳಿಸ್ತಾ? ಬದುಕಿ ಬಂದಿದ್ದಾನೆ.”

ಹಾಗಾದರೆ ಎಲ್ಲಿದ್ದಾರೆ ಎಂದು ಅವಳು ಕೇಳಬೇಕಿತ್ತು. ಎದ್ದು ನಿಲ್ಲಬೇಕಿತ್ತು. ಸುಳ್ಳು ಹೇಳ್ತೀರಾ ಎಂದು ಇನ್ನೊಂದು ಕೆನ್ನೆಗೆ ಹೊಡೆದಿದ್ದರೂ ಹಕೀಂ ತಾಳಿಕೊಳ್ಳುತ್ತಿದ್ದ. ಅವಳು ಏನೂ ಕೇಳಲಿಲ್ಲ. ಹಸಿರು ದಾರವನ್ನು ಕಣ್ಣಿಯೊಳಗೆ ತೂರಿಸಿದಳು, ಸುತ್ತಿದಳು, ಎಡಗೈಯಿಂದ ಎಳೆದು ಗಂಟು ಬಿಗಿದಳು.

ಹಕೀಂ ಆ ಗಂಟನ್ನು ನೋಡಿದ.

ಜೇಬಿನಿಂದ ದಾರದ ತುಂಡನ್ನು ತೆಗೆದು, ಬಗ್ಗಿ, ಅವಳ ಬಲೆಯ ಪಕ್ಕದಲ್ಲಿ ಹಿಡಿದ. ಬೆಳಿಗ್ಗೆ ಕಣ್ಣಿಗೆ ಒಗ್ಗದೆ ಇದ್ದದ್ದು ಏನೆಂದು ಈಗ ತಿಳಿಯಿತು. ಉಳಿದವರ ಗಂಟಿನಲ್ಲಿ ದಾರ ಬಲಕ್ಕೆ ಸುತ್ತುತ್ತದೆ. ಇದು ಎಡಕ್ಕೆ ಸುತ್ತಿತ್ತು. ಬಲೆಯಲ್ಲಿರುವ ಗಂಟೂ ಎಡಕ್ಕೆ ಸುತ್ತಿತ್ತು.

ಹಾಗಾದರೆ ಮೋಟರ್ ಬಂದದ್ದು ಈ ಮನೆಗೆ. ತೊಳೆದದ್ದು ಆ ಡ್ರಮ್ಮಿನಲ್ಲಿ. ಇವಳಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಅಂಗಡಿಗೆ ಬಂದು, ಹತ್ತು ಜನರ ಮುಂದೆ ಅವನ ಕೆನ್ನೆಗೆ ಹೊಡೆದಿದ್ದಳು. ಗೊತ್ತಿದ್ದೂ ಏಳು ತಿಂಗಳು ಅವನನ್ನು ಕೊಲೆಗಾರನನ್ನಾಗಿ ಇಟ್ಟಿದ್ದಳು. ಹಕೀಮನಿಗೆ ಕಿವಿಯೆಲ್ಲ ಗುಂಯ್‌ಗುಟ್ಟಿತು. ಇಡೀ ದಿನ ಬಂದ ಸಿಟ್ಟು ಒಟ್ಟಿಗೆ ಸೇರಿದರೂ ಇದರ ಅರ್ಧಕ್ಕೆ ಬರುತ್ತಿರಲಿಲ್ಲ.

“ನನ್ನ ಮುಖ ನೋಡಿ ಹೇಳು,” ಎಂದ. ಮೂವತ್ತು ವರ್ಷದಲ್ಲಿ ಮೊದಲ ಸಲ ಅವಳನ್ನು ಏಕವಚನದಲ್ಲಿ ಕರೆದಿದ್ದ. “ಇದನ್ನು ಕಟ್ಟಿದ್ದು ಯಾರು?”

ಕುಶಲಾ ಬಲೆಯನ್ನು ಕೆಳಗಿಟ್ಟಳು. ಬೀದಿಯ ಕಡೆ ನೋಡಿದಳು. ಮಗಳ ಬಸ್ಸು ಬರುವ ಹೊತ್ತಾಗಿತ್ತು. ಆಮೇಲೆ, ಏಳು ತಿಂಗಳಲ್ಲಿ ಮೊದಲ ಸಲ, ಅವನ ಕಣ್ಣಿಗೆ ಕಣ್ಣಿಟ್ಟು ನೋಡಿದಳು.

“ಮೋಟರಿನ ಮುಚ್ಚಳ ಕಟ್ಟಿದ್ದು ನಾನೇ ಹಕೀಮಣ್ಣ,” ಎಂದಳು. “ಅವರ ಕೈ ಕಟ್ಟಿದ್ದು ನಾನಲ್ಲ.”